ಬಾನೆಟ್ ಬಿಟ್ಟು ಅಡಿ ನೋಡು

— ಮಾವ, ಈ ಫೋಟೊಗಳನ್ನ ಸ್ವಲ್ಪ ನೋಡಿ. ಸಕಲೇಶಪುರದ ಹತ್ತಿರ ಒಂದು ತೋಟದ ಶೆಡ್ಡಿನಲ್ಲಿ ನಿಂತಿರೋ ಮಿಲಿಟರಿ ಲಾರಿ. ಮುಂದೆ ಒಂದು ಆಕ್ಸಲ್, ಹಿಂದೆ ಎರಡು, ಮೂರಕ್ಕೂ ಡ್ರೈವ್ ಇದೆ. ಅಲ್ಲಿ ಒಬ್ಬರು ಜಿಎಂಸಿ ಅಂತಾರೆ, ಇನ್ನೊಬ್ಬರು ಸ್ಟುಡಿಬೇಕರ್ ಅಂತಾರೆ. ನಾವು ನಾಲ್ಕೈದು ಜನ ಸೇರಿ ಅದನ್ನ ಮತ್ತೆ ಓಡಿಸಬೇಕು ಅಂತ ಹೊರಟಿದ್ದೀವಿ. ಯಾವ ಗಾಡಿ ಅಂತಲೇ ಗೊತ್ತಿಲ್ಲದೆ ಸಾಮಾನು ಹುಡುಕೋದು ಹೇಗೆ?

— ಬಾನೆಟ್, ಗ್ರಿಲ್ಲು ಏನಾದ್ರೂ ಉಳಿದಿದೆಯಾ?

— ಬಾನೆಟ್ ಯಾರೋ ತಗಡು ಬಡಿದು ಮಾಡಿದ್ದು. ಕ್ಯಾಬಿನ್ ಮರದ್ದು. ಡ್ಯಾಶ್‌ಬೋರ್ಡಿನ ಫಲಕಗಳನ್ನೆಲ್ಲ ಕಿತ್ಕೊಂಡು ಹೋಗಿದ್ದಾರೆ. ಇಂಜಿನ್ನೂ ಹಳೇದಲ್ಲ, ಯಾವುದೋ ಡೀಸೆಲ್ ಇಂಜಿನ್ ಕೂರಿಸಿ ಅದರ ಗೇರ್ ಬಾಕ್ಸನ್ನೇ ಜೋಡಿಸಿದ್ದಾರೆ.

— ಹಾಗಾದ್ರೆ ಮೇಲಿಂದ ಹೇಳೋಕೆ ಏನೂ ಉಳಿದಿಲ್ಲ. ಇಂಜಿನ್ ಇದ್ದಿದ್ರೆ ಒಂದು ನೋಟದಲ್ಲಿ ತೀರ್ಮಾನ ಆಗ್ತಿತ್ತು. ಜಿಎಂಸಿಯ 270 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಇಂಜಿನ್ನಿಗೆ ವಾಲ್ವ್‌ಗಳು ಹೆಡ್ಡಿನ ಮೇಲಿರುತ್ತವೆ, ಮೇಲೆ ಉದ್ದಕ್ಕೆ ರಾಕರ್ ಕವರ್ ಕಾಣುತ್ತೆ. ಸ್ಟುಡಿಬೇಕರಿಗೆ ಹಾಕಿದ್ದು ಹರ್ಕ್ಯುಲಿಸ್ ಜೆಎಕ್ಸ್‌ಡಿ, 320 ಕ್ಯೂಬಿಕ್ ಇಂಚು, ಪಕ್ಕದ ವಾಲ್ವಿಂದು. ಅದರ ಹೆಡ್ಡು ಚಪ್ಪಟೆ ಹಲಗೆ, ಸ್ಪಾರ್ಕ್ ಪ್ಲಗ್ಗು ಅದರ ಮೇಲೇ ನೆಟ್ಟಗೆ ನಿಂತಿರುತ್ತವೆ. ಹೋಗಲಿ ಬಿಡು. ಅಡಿಗೆ ನುಗ್ಗಿ ತೆಗೆದ ಫೋಟೊ ಇದೆಯಾ?

— ಇದೆ, ಆದ್ರೆ ಪೂರ್ತಿ ಕೆಸರು, ಗ್ರೀಸು. ನನಗಂತೂ ಕಬ್ಬಿಣದ ಉಂಡೆಗಳ ಹೊರತು ಏನೂ ಕಾಣಲಿಲ್ಲ.

— ಶಕ್ತಿ ಹೋಗೋ ದಾರಿ ಹಿಡಿದು ನೋಡಿದ್ರೆ ಕಾಣುತ್ತೆ. ಇಂಜಿನ್, ಅದರ ಹಿಂದೆ ಕ್ಲಚ್ಚು, ಅದರ ಹಿಂದೆ ಗೇರ್ ಬಾಕ್ಸು. ಅಲ್ಲಿಂದ ಒಂದು ಗಿಡ್ಡ ಶಾಫ್ಟು ಚಾಸಿಯ ನಡುಮಧ್ಯೆ ತೂಗ್ತಿರೋ ಟ್ರಾನ್ಸ್‌ಫರ್ ಕೇಸಿಗೆ. ಎಲ್ಲ ಚಕ್ರಕ್ಕೂ ಡ್ರೈವ್ ಇರೋ ಗಾಡಿಗೆ ಅದೇ ಜಂಕ್ಷನ್. ಅಲ್ಲಿಂದ ಒಂದು ಶಾಫ್ಟು ಮುಂದಕ್ಕೆ, ಉಳಿದವು ಹಿಂದಕ್ಕೆ. ಪ್ರತಿ ಆಕ್ಸಲ್ಲಿನಲ್ಲೂ ಶಾಫ್ಟು ಹೋಗಿ ಸೇರೋ ಕಡೆ ಒಂದು ಗುಂಡನೆ ಹೊಟ್ಟೆ ಇರುತ್ತಲ್ಲ, ಅದರೊಳಗೆ ಕ್ರೌನ್ ವೀಲು, ಪಿನಿಯನ್ನು, ಡಿಫರೆನ್ಶಿಯಲ್ಲು. ಮೊದಲು ಆ ಹೊಟ್ಟೆಯ ಆಕಾರ ಹೇಳು. ಗಾಡಿಯ ಹಿಂದೆ ನಿಂತು ನೋಡಿದ್ರೆ ಹೇಗಿದೆ?

— ಗುಂಡಗಿದೆ. ಹಿಂದುಗಡೆ ದುಂಡು ಮುಚ್ಚಳ, ಸುತ್ತ ಬೋಲ್ಟು. ಎಡಕ್ಕೂ ಬಲಕ್ಕೂ ಕೊಳವೆ ಹೊರಟಿದೆ, ಎಲ್ಲೂ ಜೋಡಣೆ ಕಾಣಲ್ಲ.

— ಮಧ್ಯದಲ್ಲಿ ಮೇಲಿಂದ ಕೆಳಕ್ಕೆ ಬೋಲ್ಟುಗಳ ಸಾಲು ಇಲ್ಲ ತಾನೆ? ಚೆನ್ನಾಗಿ ನೋಡು. ಇದೊಂದು ಪ್ರಶ್ನೆಯ ಮೇಲೇ ಎಲ್ಲಾ ನಿಂತಿದೆ.

— ಇಲ್ಲ ಮಾವ. ಮೂರು ಆಕ್ಸಲ್ಲಿನಲ್ಲೂ ಇಲ್ಲ.

— ಹಾಗಾದ್ರೆ ನಿಮ್ಮ ಲಾರಿ ಸ್ಟುಡಿಬೇಕರ್ ಅಲ್ಲ. ಆ ಮೂರು ಆಕ್ಸಲ್ಲೂ ಅದೇ ಗಾಡಿಯ ಹುಟ್ಟಾ ಆಕ್ಸಲ್ಲುಗಳಾಗಿದ್ರೆ ಅದು ಜಿಎಂಸಿ ಸಿಸಿಕೆಡಬ್ಲ್ಯೂ, ಹೀಗೆ ಮಧ್ಯದಲ್ಲಿ ಜೋಡಣೆ ಇಲ್ಲದ ಬ್ಯಾಂಜೊ ಆಕ್ಸಲ್ಲಿಂದು.

— ಒಂದು ಮುಚ್ಚಳ ನೋಡಿ ಅಷ್ಟು ಖಡಾಖಂಡಿತ ಹೇಳಬಹುದಾ?

— ಹೇಳಬಹುದು. ಯಾಕೆ ಅಂತ ಹೇಳ್ತೀನಿ ಕೇಳು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಎರಡೂವರೆ ಟನ್ನಿನ, ಮೂರೂ ಆಕ್ಸಲ್ ತಿರುಗೋ ಲಾರಿ ಲಕ್ಷಗಟ್ಟಲೆ ಬೇಕಾಯ್ತು. ಜಿಎಂಸಿ ಒಂದೇ 1941ರಿಂದ 1945ರವರೆಗೆ ಐದು ಲಕ್ಷಕ್ಕೂ ಹೆಚ್ಚು ಮಾಡ್ತು. ಸ್ಟುಡಿಬೇಕರ್ ಕಂಪನಿ ಇಂಡಿಯಾನಾದ ಸೌತ್ ಬೆಂಡಿನಲ್ಲಿ ಯುಎಸ್6 ಅನ್ನೋ ಗಾಡಿಯನ್ನ ಸುಮಾರು ಎರಡು ಲಕ್ಷ ಮಾಡ್ತು, ಅದರ ಬಹುಪಾಲು ಹೋಗಿದ್ದು ಸೋವಿಯತ್ ರಷ್ಯಾಕ್ಕೆ. ಕತ್ಯೂಷಾ ರಾಕೆಟ್ಟಿನ ಫೋಟೊ ನೋಡಿರ್ತೀಯಲ್ಲ, ಎಷ್ಟೋ ಫೋಟೊದಲ್ಲಿ ಅಡಿಗಿರೋದು ಈ ಯುಎಸ್6 ಚಾಸಿ. ಈಗ ನೋಡು, ಲಾರಿ ಕಂಪನಿ ಎರಡು. ಆದ್ರೆ ಇಬ್ಬರೂ ಆಕ್ಸಲ್ ತರಿಸ್ತಿದ್ದದ್ದು ಡೆಟ್ರಾಯಿಟಿನ ಟಿಮ್ಕೆನ್-ಡೆಟ್ರಾಯಿಟ್ ಆಕ್ಸಲ್ ಕಂಪನಿಯಿಂದ. ಆ ಟಿಮ್ಕೆನ್ ಆಕ್ಸಲ್ಲಿನ ಹೌಸಿಂಗು ಎರಡು ಹೋಳು. ಎರಡು ಬಟ್ಟಲನ್ನ ಬಾಯಿಗೆ ಬಾಯಿ ಸೇರಿಸಿ ಅಂಚಿಗೆ ಬೋಲ್ಟು ಹಾಕಿದ ಹಾಗೆ, ಮಧ್ಯದಲ್ಲಿ ನೆಟ್ಟಗೆ ಜೋಡಣೆ ಗೆರೆ ಕಾಣುತ್ತೆ. ಅದಕ್ಕೆ ಸ್ಪ್ಲಿಟ್ ಆಕ್ಸಲ್ ಅಂತಾರೆ. ಜಿಎಂಸಿಗೆ ಅಷ್ಟೇ ಸಾಲದೆ ಜನರಲ್ ಮೋಟರ್ಸಿನ ಸ್ವಂತ ಬ್ಯಾಂಜೊ ಆಕ್ಸಲ್ಲನ್ನೂ ಹಾಕಿದ್ರು. ಹಾಗಾಗಿ ಜಿಎಂಸಿಯಲ್ಲಿ ಎರಡು ಜಾತಿ ಇದೆ, ಸ್ಟುಡಿಬೇಕರಿನಲ್ಲಿ ಒಂದೇ. ಬ್ಯಾಂಜೊ ಕಂಡ್ರೆ ಸ್ಟುಡಿಬೇಕರ್ ಪಟ್ಟಿಯಿಂದ ಹೊರಗೆ. ಸ್ಪ್ಲಿಟ್ ಕಂಡಿದ್ರೆ ಮಾತ್ರ ನಿಮ್ಮ ಊರಿನ ಜಗಳ ಮುಂದುವರಿಯೋದು ನ್ಯಾಯ.

— ಅಂದ್ರೆ ಗೇರ್ ಬಾಕ್ಸ್ ಉಳಿದಿದ್ರೂ ಗೊತ್ತಾಗ್ತಿರಲಿಲ್ವಾ?

— ಇಲ್ಲ. ಅದನ್ನೇ ನೀವೆಲ್ಲ ಮೊದಲು ಮನಸ್ಸಿಗೆ ತಗೋಬೇಕು. ಎರಡೂ ಲಾರಿಯ ಗೇರ್ ಬಾಕ್ಸು ವಾರ್ನರ್ ಕಂಪನಿಯ ಟಿ-93. ಐದು ಗೇರು, ನಾಲ್ಕನೇದು ನೇರ, ಐದನೇದು ಓವರ್‌ಡ್ರೈವ್. ಹರ್ಕ್ಯುಲಿಸ್ ಜೆಎಕ್ಸ್‌ಡಿ ಇಂಜಿನ್ನು ಎಂ8 ಅನ್ನೋ ಕವಚದ ಗಾಡಿಯಲ್ಲೂ ಇತ್ತು. ಜಿಎಂಸಿ 270 ಇಂಜಿನ್ನು ನೀರಲ್ಲಿ ಈಜೋ ಡಕ್ ಗಾಡಿಯಲ್ಲೂ ಇತ್ತು. ಇನ್ನೂ ಒಂದು ಇದೆ. ಯುಎಸ್6ನ್ನ ರಿಯೊ ಅನ್ನೋ ಮತ್ತೊಂದು ಕಂಪನಿಯೂ ಲ್ಯಾನ್ಸಿಂಗಿನಲ್ಲಿ ಮಾಡ್ತು. ‘ಇದು ಯಾವ ಲಾರಿ’ ಅಂತ ಕೇಳಿದ್ರೆ ಉತ್ತರ ಒಂದೇ ಬರುತ್ತೆ, ಅದು ಅರ್ಧ ಸುಳ್ಳಾಗಿರುತ್ತೆ. ‘ಈ ಹೌಸಿಂಗ್ ಯಾರದ್ದು, ಈ ಗೇರ್ ಬಾಕ್ಸ್ ಯಾರದ್ದು, ಈ ಜಾಯಿಂಟ್ ಯಾರದ್ದು’ ಅಂತ ಒಂದೊಂದನ್ನೇ ಕೇಳು. ಸಾಮಾನು ಸಿಗೋದು ಆ ಹೆಸರಿನಲ್ಲಿ.

— ನೀವು ಸೈನ್ಯದ ಗಾಡಿ ರಿಪೇರಿ ದಳ ಇ.ಎಂ.ಇ.ಯಲ್ಲಿದ್ದಾಗಲೂ ಹೀಗೇ ಹುಡುಕ್ತಿದ್ರಾ?

— ನಾನು ಕೈ ಪಳಗಿಸಿಕೊಂಡದ್ದು ಶಕ್ತಿಮಾನ್ ಮೇಲೆ. ಜರ್ಮನಿಯ ಎಂಎಎನ್ ಕಂಪನಿಯ ಪರವಾನಗಿ ತಗೊಂಡು 1959ರಿಂದ ಜಬಲ್ಪುರದಲ್ಲಿ ನಾವೇ ಮಾಡಿದ ಗಾಡಿ. ಒಂದು ವಿನ್ಯಾಸ, ಒಂದು ಪುಸ್ತಕ. ನಂಬರ್ ಬರೆದು ಸ್ಟೋರಿಗೆ ಕಳಿಸಿದ್ರೆ ಸಾಮಾನು ಬರ್ತಿತ್ತು. ಯುದ್ಧಕಾಲದ ಅಮೆರಿಕನ್ ಗಾಡಿ ಕೈಗೆ ಬಂದಾಗ ಆ ಅಭ್ಯಾಸ ಕೆಲಸಕ್ಕೆ ಬರಲಿಲ್ಲ. ಒಂದೇ ಹೆಸರಿನ ಎರಡು ಗಾಡಿ ಪಕ್ಕಪಕ್ಕ ನಿಂತಿದ್ರೂ ಒಂದರ ಡಿಫರೆನ್ಶಿಯಲ್ಲು ಇನ್ನೊಂದಕ್ಕೆ ಕೂರಲ್ಲ.

— ಇಂಥ ಅಮೆರಿಕನ್ ಲಾರಿಗಳು ನಮ್ಮ ಕಡೆ ಬಂದದ್ದಾದ್ರೂ ಹೇಗೆ?

— ಯುದ್ಧದಲ್ಲಿ ಅಮೆರಿಕದವರು ಅಸ್ಸಾಮಿನ ಲೀಡೊದಿಂದ ಬರ್ಮಾ ದಾಟಿ ಚೀನಾಕ್ಕೆ ರಸ್ತೆ ಕಡಿದ್ರು. 1945ರ ಜನವರಿ 12ರಂದು 113 ಗಾಡಿಗಳ ಮೊದಲ ಸಾಲು ಲೀಡೊದಿಂದ ಹೊರಟು ಫೆಬ್ರವರಿ 4ಕ್ಕೆ ಕುನ್ಮಿಂಗ್ ಮುಟ್ಟಿತು. ಯುದ್ಧ ಮುಗಿದ ಮೇಲೆ ಆ ಸಾಮಾನನ್ನೆಲ್ಲ ವಾಪಸ್ ಹಡಗಿಗೆ ಹೇರೋದು ದುಬಾರಿ. ಇಲ್ಲೇ ಮಾರಿದ್ರು. ಹರಾಜಿನಲ್ಲಿ ಕೈ ಬದಲಾಗ್ತಾ ಎಲ್ಲೆಲ್ಲಿಗೋ ಹೋದವು. ಮರ ಎಳೆಯೋರಿಗೆ, ತೋಟದೋರಿಗೆ ಎಲ್ಲಾ ಚಕ್ರ ತಿರುಗೋ ಗಾಡಿ ಅಂದ್ರೆ ಮಳೆಗಾಲದಲ್ಲಿ ಎಷ್ಟು ಬೆಲೆ ಅಂತ ನಿನಗೆ ಹೇಳಬೇಕಾ? ಅದಿರಲಿ, ಹಿಂದಿನ ಎರಡು ಆಕ್ಸಲ್ಲಿನ ಮಧ್ಯೆ ತೆಗೆದ ಫೋಟೊ ತೋರಿಸು.

— ಇದು. ಮಧ್ಯದ ಆಕ್ಸಲ್ಲಿನ ಮೇಲೆ ಏನೋ ಒಂದು ಬೇರಿಂಗ್ ಕೂತಿದೆ, ಅದರ ಮೂಲಕ ಶಾಫ್ಟು ಹಾದು ಹಿಂದಿನ ಆಕ್ಸಲ್ಲಿಗೆ ಹೋಗಿದೆ.

— ಅದು ಪಿಲ್ಲೊ ಬ್ಲಾಕ್. ಅದಕ್ಕೂ ಮಧ್ಯದ ಆಕ್ಸಲ್ಲಿನ ಗೇರುಗಳಿಗೂ ಸಂಬಂಧ ಇಲ್ಲ, ಬರೀ ಶಾಫ್ಟಿಗೆ ಆಸರೆ. ಕೊನೇ ಆಕ್ಸಲ್ಲಿಗೆ ಟ್ರಾನ್ಸ್‌ಫರ್ ಕೇಸಿನಿಂದಲೇ ಬೇರೆ ಶಾಫ್ಟು ಬರುತ್ತೆ, ದಾರಿಯಲ್ಲಿ ಇದರ ಮೇಲೆ ಹಾದು ಹೋಗುತ್ತೆ. 1950ರಿಂದ ಬಂದ ಎಂ35 ಲಾರಿಯಲ್ಲಿ ಹಾಗಿಲ್ಲ. ಅದರಲ್ಲಿ ಶಾಫ್ಟು ಮಧ್ಯದ ಆಕ್ಸಲ್ಲಿನ ನೆತ್ತಿಯೊಳಗೇ ನುಗ್ಗಿ, ಅಲ್ಲಿನ ಗೇರು ತಿರುಗಿಸಿ, ಆಚೆ ಕಡೆ ಹೊರಬಂದು ಹಿಂದಿನದಕ್ಕೆ ಹೋಗುತ್ತೆ. ಪಿಲ್ಲೊ ಬ್ಲಾಕ್ ಕಂಡ್ರೆ ಯುದ್ಧಕಾಲದ್ದು, ನೆತ್ತಿಯ ಮೂಲಕ ಶಾಫ್ಟು ತೂರಿ ಹೋಗಿದ್ರೆ ಆಮೇಲಿನದು. ಈ ಎರಡು ಲಾರಿಗಳ ನಡುವೆ ಅನುಮಾನ ಬಂದಾಗ ಇದಕ್ಕಿಂತ ಸುಲಭದ ಗುರುತಿಲ್ಲ.

— ಬ್ಯಾಂಜೊ, ಸ್ಪ್ಲಿಟ್ ಅಂದ್ರಲ್ಲ, ಬರೀ ಗುರುತಿಗೆ ಬಿಟ್ಟು ಕೆಲಸದಲ್ಲೇನಾದ್ರೂ ವ್ಯತ್ಯಾಸ ಇದೆಯಾ?

— ಮೈ ನೋಯೋವಷ್ಟು ವ್ಯತ್ಯಾಸ ಇದೆ. ಬ್ಯಾಂಜೊದಲ್ಲಿ ಹಬ್ಬಿನ ಕಡೆಯಿಂದ ಎರಡೂ ಆಕ್ಸಲ್ ಶಾಫ್ಟನ್ನ ಹೊರಗೆ ಎಳೆದು, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ್ರೆ ಕ್ರೌನ್ನು, ಪಿನಿಯನ್ನು, ಡಿಫರೆನ್ಶಿಯಲ್ಲು ಎಲ್ಲ ಒಂದೇ ಗಂಟಾಗಿ ಹೊರಗೆ ಬರುತ್ತೆ. ಹೌಸಿಂಗು ಗಾಡಿ ಅಡಿಯಲ್ಲೇ ಇರುತ್ತೆ, ಚಕ್ರ ನೆಲದ ಮೇಲೇ ಇರುತ್ತೆ. ಸ್ಪ್ಲಿಟ್ ಆದ್ರೆ ಇಡೀ ಆಕ್ಸಲ್ಲನ್ನೇ ಗಾಡಿಯಿಂದ ಇಳಿಸಿ ಎರಡು ಹೋಳು ಮಾಡಬೇಕು. ಬಯಲಲ್ಲಿ, ಮಳೆಯಲ್ಲಿ ಆ ಕೆಲಸ ಮಾಡಿದ ಹುಡುಗರ ಸ್ಥಿತಿ ಯೋಚಿಸು. 1944ರಲ್ಲಿ ಫ್ರಾನ್ಸಿನಲ್ಲಿ ರೆಡ್ ಬಾಲ್ ಅಂತ ಸಾಗಾಟ ನಡೀತು, ಆಗಸ್ಟ್ 25ರಿಂದ ನವೆಂಬರ್ 16ರವರೆಗೆ. ಅದರ ಬೆನ್ನೆಲುಬು ಈ ಜಿಎಂಸಿಗಳೇ. ಅತಿ ಹೆಚ್ಚಿನ ದಿನ ಆರು ಸಾವಿರದ ಹತ್ತಿರ ಗಾಡಿ, ಹನ್ನೆರಡು ಸಾವಿರ ಟನ್ನಿಗೂ ಮೀರಿದ ಸಾಮಾನು. ಓಡಿಸಿದವರಲ್ಲಿ ಮುಕ್ಕಾಲು ಪಾಲು ಕಪ್ಪು ಸೈನಿಕರು. ಅವರ ಹೆಸರು ಚರಿತ್ರೆಯ ಪುಸ್ತಕಕ್ಕೆ ಬಂದದ್ದು ತೀರಾ ತಡವಾಗಿ. ಹಗಲೂ ರಾತ್ರಿ ಓಡಿದ ಆ ಗಾಡಿಗಳ ಆಕ್ಸಲ್ಲು ದಾರಿಯಲ್ಲಿ ಕೈಕೊಟ್ರೆ ಅದು ಯಾವ ಜಾತಿಯದು ಅನ್ನೋದು ಅಡಿಗೆ ಮಲಗಿದ ಮೆಕ್ಯಾನಿಕ್ಕಿಗೆ ದೊಡ್ಡ ವಿಷಯ.

— ಜೀಪಿನ ಹೌಸಿಂಗು ಇವೆರಡೂ ಅಲ್ಲ ಅಲ್ವಾ?

— ಅಲ್ಲ. ಅದು ಮೂರನೇ ಜಾತಿ. ಮಧ್ಯದಲ್ಲಿ ಎರಕದ ಗುಂಡು, ಅದಕ್ಕೆ ಎರಡೂ ಕಡೆ ಉಕ್ಕಿನ ಕೊಳವೆ ಒತ್ತಿ ಕೂರಿಸಿರ್ತಾರೆ, ಹತ್ತು ಬೋಲ್ಟಿನ ಮುಚ್ಚಳ. ಅದನ್ನ ತೆಗೆದ್ರೆ ಗೇರು ಕಾಣುತ್ತೆ, ಆದ್ರೆ ಪಿನಿಯನ್ ಗಂಟಾಗಿ ಹೊರಗೆ ಬರಲ್ಲ, ಹೌಸಿಂಗಿನೊಳಗೇ ಸೆಟ್ ಮಾಡಬೇಕು. ಸ್ಪೈಸರ್ ಕಂಪನಿಯದು.

— ಅಡಿಗೆ ಹೋದಾಗ ಬೇರಿಂಗಿನ ಮೇಲೆ ಟಿಮ್ಕೆನ್ ಅಂತ ಇದ್ದದ್ದು ನೋಡಿದೆ. ಮತ್ತೆ ಆಕ್ಸಲ್ ಟಿಮ್ಕೆನ್ ಅಲ್ಲ ಅಂತೀರಿ.

— ಇದರಲ್ಲಿ ಬಹಳ ಜನ ಮೋಸ ಹೋಗ್ತಾರೆ. ಬೇರಿಂಗ್ ಮಾಡೋ ಟಿಮ್ಕೆನ್ ಬೇರೆ, ಆ ಕಾಲದ ಟಿಮ್ಕೆನ್-ಡೆಟ್ರಾಯಿಟ್ ಆಕ್ಸಲ್ ಕಂಪನಿ ಬೇರೆ. ಟಿಮ್ಕೆನ್ ಬೇರಿಂಗು ಫೋರ್ಡಿನಲ್ಲೂ ಇರುತ್ತೆ, ಜೀಪಿನಲ್ಲೂ ಇರುತ್ತೆ, ನಿನ್ನ ಬ್ಯಾಂಜೊದಲ್ಲೂ ಇರಬಹುದು. ಬೇರಿಂಗು ಸವೆಯೋ ವಸ್ತು, ಎಷ್ಟು ಸಲ ಬದಲಾಗಿದೆಯೋ ಯಾರು ಬಲ್ಲರು. ಅದರ ಮೇಲಿನ ಹೆಸರಿನಿಂದ ಹೌಸಿಂಗಿನ ಗುರುತು ಹಿಡೀಬಾರದು. ಆಕ್ಸಲ್ ಕಂಪನಿ 1953ರಲ್ಲಿ ಇನ್ನೊಂದು ಕಂಪನಿ ಜೊತೆ ಸೇರಿ ರಾಕ್‌ವೆಲ್ ಆಯ್ತು. ಎಂ35 ಓಡಿಸೋರು ರಾಕ್‌ವೆಲ್ ಆಕ್ಸಲ್ ಅಂತ ಹೇಳೋದು ಅದೇ ಮನೆಯ ಮುಂದಿನ ತಲೆಮಾರು.

— ಹಾಗಾದ್ರೆ ಯಾವ ಬರಹ ನಂಬಬೇಕು?

— ಎರಕದ ಮೈಮೇಲೆ ಉಬ್ಬಿರೋ ಬರಹ. ಅದನ್ನ ಓದೋಕೆ ಸಮಯ ಕೊಡಬೇಕು. ಮೊದಲು ಒಣ ಕೆಸರು ಕೆರೆದು, ಡೀಸೆಲ್ಲಿನಲ್ಲಿ ಬ್ರಷ್ ಅದ್ದಿ ಗ್ರೀಸು ತೊಳಿ. ಒಣಗಿದ ಮೇಲೆ ತಂತಿ ಬ್ರಷ್ಷು. ಉಳಿಯಲ್ಲಿ ಹೊಡೀಬೇಡ, ಗ್ರೈಂಡರನ್ನಂತೂ ಹತ್ತಿರ ತರಲೇಬೇಡ. ಆಮೇಲೆ ಸೀಮೆಸುಣ್ಣ ಅಡ್ಡಡ್ಡ ಉಜ್ಜು. ಉಬ್ಬಿದ ಅಂಚಿಗೆ ಮಾತ್ರ ಬಿಳಿ ಹತ್ತಿ, ಕಪ್ಪು ಕಬ್ಬಿಣದ ಮೇಲೆ ಅಂಕಿಗಳು ಒಂದೊಂದಾಗಿ ಎದ್ದು ಬರುತ್ತವೆ. ಬ್ಯಾಟರಿ ಬೆಳಕನ್ನ ನೇರ ಬಿಡಬೇಡ, ಪಕ್ಕದಿಂದ ಬಿಡು. ಚಾಸಿಗೆ ತಾಗಿಕೊಂಡಿರೋ ಕಡೆಗೆ ಗಡ್ಡ ಬೋಳಿಸೋ ಕನ್ನಡಿ ಹಿಡಿದು ಓದು, ಅಂಕಿ ತಿರುಗುಮುರುಗಾಗಿರುತ್ತೆ ಅನ್ನೋದು ನೆನಪಿರಲಿ.

— ಆ ಅಂಕಿ ಕೊಟ್ಟು ಸಾಮಾನು ಕೇಳಬಹುದಾ?

— ತಡಿ, ಅಲ್ಲೊಂದು ಸೂಕ್ಷ್ಮ ಇದೆ. ಉಬ್ಬಿದ ಅಂಕಿ ಎರಕದ ಅಚ್ಚಿನ ನಂಬರು. ಅದೇ ಎರಕವನ್ನ ಒಂದು ಥರ ಕೊರೆದು ತೂತು ಹಾಕಿದ್ರೆ ಒಂದು ಭಾಗ, ಬೇರೆ ಥರ ಕೊರೆದ್ರೆ ಬೇರೆ ಭಾಗ. ಹಾಗಾಗಿ ಅಚ್ಚಿನ ನಂಬರೂ ಪಾರ್ಟ್ ನಂಬರೂ ಒಂದೇ ಆಗಿರಬೇಕಿಲ್ಲ. ಅಚ್ಚಿನ ನಂಬರ್ ವಂಶ ಹೇಳುತ್ತೆ, ಅಷ್ಟೇ. ಪಾರ್ಟ್ ನಂಬರಿಗೆ ಆ ಗಾಡಿಯ ಕೈಪಿಡಿ ಬೇಕು. ಜಿಎಂಸಿಗೆ ಟಿಎಂ 9-801, ಜೀಪಿಗೆ ಟಿಎಂ 9-803, ಡಾಜ್ ಮುಕ್ಕಾಲು ಟನ್ನಿಗೆ ಟಿಎಂ 9-808. ಅಮೆರಿಕನ್ ಸೈನ್ಯ ಬಿಡಿಭಾಗದ ಪಟ್ಟಿಗೆ ಜಿ ನಂಬರ್ ಕೊಟ್ಟಿತ್ತು. ಜಿಎಂಸಿ ಜಿ508, ಜೀಪು ಜಿ503, ಡಾಜ್ ಜಿ502, ಸ್ಟುಡಿಬೇಕರ್ ಜಿ630. ಹಳೇ ಸಾಮಾನು ಮಾರೋರ ಹತ್ತಿರ ಗಾಡಿ ಹೆಸರಿಗಿಂತ ಈ ನಂಬರೇ ಬೇಗ ಕೆಲಸ ಮಾಡುತ್ತೆ.

— ಹೌಸಿಂಗಿನ ಪಕ್ಕ ಒಂದು ಅಕ್ಷರ, ಆಮೇಲೆ ಎರಡು ಅಂಕಿ, ಆಮೇಲೆ ಇನ್ನೊಂದು ಅಂಕಿ ಇತ್ತು. ಡಿ, 17, 4.

— ಅದು ಎರಕ ಹೊಯ್ದ ದಿನ! ಜನರಲ್ ಮೋಟರ್ಸಿನಲ್ಲಿ ಹಾಗೆ ಹಾಕ್ತಿದ್ರು. ಅಕ್ಷರ ತಿಂಗಳು: ಎ ಅಂದ್ರೆ ಜನವರಿ, ಡಿ ಅಂದ್ರೆ ಏಪ್ರಿಲ್. ಆಮೇಲೆ ತಾರೀಕು. ಕೊನೇದು ಇಸವಿಯ ಕೊನೇ ಅಂಕಿ. 1944ರ ಏಪ್ರಿಲ್ 17. ಆ ಕೊನೇ ಅಂಕಿ ಮಾತ್ರ ಒಂಟಿ, 1934, 1954 ಕೂಡ ಆಗಬಹುದು. ಗಾಡಿಯ ಜಾತಿ ಮೊದಲೇ ಗೊತ್ತಿದ್ರೆ ದಶಕ ತಾನಾಗೇ ತಿಳಿಯುತ್ತೆ. ಸಿಸಿಕೆಡಬ್ಲ್ಯೂ ತಯಾರಾದದ್ದೇ 41ರಿಂದ 45. ಮೂರು ಹೌಸಿಂಗಿನ ದಿನವನ್ನೂ ಬರ್ಕೊಂಡು ಬಾ. ಮೂರೂ ಹತ್ತಿರ ಹತ್ತಿರ ಇದ್ರೆ ಅವು ಒಟ್ಟಿಗೇ ಹುಟ್ಟಿದ್ದು ಅಂತ ಅನ್ಕೋಬಹುದು. ಒಂದು ಮಾತ್ರ ಒಂದು ವರ್ಷ ಆಚೆ ಇದ್ರೆ ಅದನ್ನ ಯಾವಾಗಲೋ ಬದಲಾಯಿಸಿದ್ದಾರೆ.

— ಮುಂದಿನ ಆಕ್ಸಲ್ಲಿನ ತುದಿಯಲ್ಲಿ ದೊಡ್ಡ ಗುಂಡು ಇದೆ, ಅದರಿಂದ ಗ್ರೀಸು ಸುರಿದಿದೆ. ಅದರೊಳಗೇನಿದೆ?

— ಆ ಗುಂಡೇ ಇಡೀ ಗಾಡಿಯಲ್ಲಿ ನನಗೆ ತುಂಬಾ ಇಷ್ಟದ ಜಾಗ. ಹಿಂದಿನ ಚಕ್ರ ತಿರುಗಿದ್ರೆ ಸಾಕು. ಮುಂದಿನದು ತಿರುಗೋದರ ಜೊತೆಗೆ ಎಡಕ್ಕೂ ಬಲಕ್ಕೂ ಹೊರಳಬೇಕು. ಹೊರಳಿದಾಗಲೂ ಶಕ್ತಿ ಹೋಗ್ತಾ ಇರಬೇಕು. ಅಲ್ಲಿಗೆ ಸಾಮಾನ್ಯ ಯೂನಿವರ್ಸಲ್ ಜಾಯಿಂಟ್ ಹಾಕಿದ್ರೆ ಏನಾಗುತ್ತೆ ಗೊತ್ತಾ? ಕ್ರಾಸ್ ಹಾಕಿದ ಜಾಯಿಂಟನ್ನ ಓರೆ ಮಾಡಿ ತಿರುಗಿಸಿದ್ರೆ ಈ ಕಡೆ ಶಾಫ್ಟು ಒಂದೇ ಸಮ ತಿರುಗ್ತಿದ್ರೂ ಆ ಕಡೆ ಶಾಫ್ಟು ಒಂದು ಸುತ್ತಿನಲ್ಲಿ ಎರಡು ಸಲ ಜೋರಾಗಿ, ಎರಡು ಸಲ ನಿಧಾನ ಆಗುತ್ತೆ. 30 ಡಿಗ್ರಿ ಓರೆಯಾದ್ರೆ ಜೋರಾದಾಗ ಸುಮಾರು 15 ಪರ್ಸೆಂಟ್ ಹೆಚ್ಚು, ನಿಧಾನ ಆದಾಗ ಸುಮಾರು 13 ಪರ್ಸೆಂಟ್ ಕಮ್ಮಿ. ತಿರುವಿನಲ್ಲಿ ಸ್ಟೇರಿಂಗ್ ಕೈಯಲ್ಲಿ ಒದ್ದಾಡುತ್ತೆ, ಟೈರು ಕೆರೆಯುತ್ತೆ.

— ಆದ್ರೆ ಹಿಂದಿನ ಶಾಫ್ಟಿಗೆ ಅದೇ ಕ್ರಾಸ್ ಇದೆಯಲ್ಲ?

— ಅಲ್ಲಿ ಎರಡು ಜಾಯಿಂಟ್ ಇರುತ್ತೆ. ಒಂದರ ಏರುಪೇರನ್ನ ಇನ್ನೊಂದು ಸರಿತೂಗಿಸುತ್ತೆ, ಎರಡೂ ತುದಿಯ ಕವಲು ಒಂದೇ ಸಾಲಿನಲ್ಲಿದ್ರೆ ಮಾತ್ರ. ಶಾಫ್ಟು ಬಿಚ್ಚಿ ಜಾರುವ ಹಲ್ಲಿನ ಕಡೆ ಮತ್ತೆ ಕೂರಿಸುವಾಗ ಒಂದು ಹಲ್ಲು ಆಚೀಚೆ ಆದ್ರೂ ಆ ಲೆಕ್ಕ ಕೆಡುತ್ತೆ, ಗಾಡಿ ನಡುಗುತ್ತೆ. ಅದಕ್ಕೇ ಎರಡೂ ಕಡೆ ಬಾಣದ ಗುರುತು ಹಾಕಿರ್ತಾರೆ. ಬಾಣಕ್ಕೆ ಬಾಣ ನೋಡಿ ಸೇರಿಸು. ಮುಂದಿನ ಚಕ್ರದ ಹತ್ತಿರ ಎರಡು ಜಾಯಿಂಟಿಗೆ ಜಾಗ ಇಲ್ಲ. ಒಂದೇ ಜಾಯಿಂಟು ಎಷ್ಟೇ ಹೊರಳಿದ್ರೂ ಸಮವೇಗ ಕೊಡಬೇಕು. 1920ರ ದಶಕದಲ್ಲಿ ಇದಕ್ಕೆ ಮೂರು ಬೇರೆ ಬೇರೆ ಉತ್ತರ ಹುಡುಕಿದ್ರು. ಯುದ್ಧದ ಗಾಡಿಗಳಲ್ಲಿ ಮೂರೂ ಸಿಗುತ್ತವೆ.

— ತೆಗೆದು ನೋಡಿದ್ರೆ ಗುರುತು ಹಿಡಿಯೋದು ಹೇಗೆ?

— ಪಂಜರದೊಳಗೆ ಆರು ಗುಂಡು ಇದ್ರೆ ರ್ಜೆಪ್ಪಾ. ಈಗಿನ ಕಾರುಗಳ ಚಕ್ರದ ಪಕ್ಕ ಇರೋದು ಇದರ ವಂಶವೇ. ಪಂಜರ ಇಲ್ಲದೆ, ಎರಡು ಕವಲುಗಳು ಒಂದರೊಳಗೊಂದು ಕೈ ಹಾಕಿ, ಅವುಗಳ ತೋಡುಗಳಲ್ಲಿ ನಾಲ್ಕು ಗುಂಡು, ನಟ್ಟನಡುವೆ ಒಂದು ಗುಂಡು ಇದ್ರೆ ಬೆಂಡಿಕ್ಸ್-ವೈಸ್. ಗುಂಡೇ ಇಲ್ಲದೆ ಎರಡು ಉಕ್ಕಿನ ತುಂಡು ಒಂದರೊಳಗೊಂದು ಜಾರ್ತಾ ಇದ್ರೆ ಟ್ರಾಕ್ಟಾ, ಫ್ರಾನ್ಸಿನ ಫೆನಾಯ್ ಮತ್ತು ಗ್ರೆಗ್ವಾರ್ ಸೇರಿ ಮಾಡಿದ್ದು. ಬೆಂಡಿಕ್ಸಿನ ವಿಷಯದಲ್ಲಿ ಹುಷಾರು. ಗುಂಡುಗಳನ್ನ ಹಿಡಿದಿಡೋ ಪಂಜರ ಇಲ್ಲ, ಶಾಫ್ಟನ್ನ ಅವಸರದಲ್ಲಿ ಓರೆ ಎಳೆದ್ರೆ ನೆಲಕ್ಕೆ ಉದುರುತ್ತವೆ. ನಡುವಿನ ಗುಂಡಿಗೆ ತೂತು ಇರುತ್ತೆ, ಅದರಲ್ಲಿ ಬೀಗದ ಪಿನ್ನು ಕೂರುತ್ತೆ. ಉಳಿದ ನಾಲ್ಕನ್ನ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಅಳತೆ ನೋಡಿ ಆರಿಸಿ ಕೂರಿಸಿರ್ತಾರೆ. ಎಡದ್ದು ಬಲಕ್ಕೆ, ಇದರದ್ದು ಅದಕ್ಕೆ ಅಂತ ಕಲಸಿದ್ರೆ ಜಾಯಿಂಟು ಒಂದೋ ಬಿಗಿ, ಇಲ್ಲವೋ ಸಡಿಲ. ಟ್ರಾಕ್ಟಾದಲ್ಲಿ ಆ ತಾಪತ್ರಯ ಇಲ್ಲ, ಆದ್ರೆ ಉಕ್ಕಿನ ಮೇಲೆ ಉಕ್ಕು ಉಜ್ಜೋದ್ರಿಂದ ಕಾಯುತ್ತೆ, ಗ್ರೀಸು ಚೆನ್ನಾಗಿರಬೇಕು.

— ಒಂದನ್ನೇ ಆರಿಸಿಕೊಂಡು ಎಲ್ಲಾ ಗಾಡಿಗೂ ಹಾಕಬಹುದಿತ್ತಲ್ಲ?

— ಮಾಡೋಕೆ ಆಗಲಿಲ್ಲ. ಈ ಜಾಯಿಂಟಿನ ತೋಡುಗಳನ್ನ ಕೊರೆಯೋಕೆ ವಿಶೇಷ ಯಂತ್ರ ಬೇಕು, ಅಂಥ ಯಂತ್ರ ಇದ್ದ ಕಾರ್ಖಾನೆ ಬೆರಳೆಣಿಕೆ. ಇಂಜಿನ್ ಸಿದ್ಧ, ಚಾಸಿ ಸಿದ್ಧ, ಆದ್ರೆ ಈ ಮುಷ್ಟಿಗಾತ್ರದ ಜಾಯಿಂಟಿಗಾಗಿ ಎಲ್ಲಾ ಚಕ್ರದ ಗಾಡಿಗಳ ಉತ್ಪಾದನೆ ತಡೆದು ನಿಲ್ತಿತ್ತು. ಹಾಗಾಗಿ ಯಾರು ಯಾವ ಜಾತಿ ಮಾಡಿ ಕೊಟ್ರೂ ಸೈನ್ಯ ತಗೊಳ್ತು. ಒಂದೇ ಮಾದರಿಯ ಜೀಪಿನಲ್ಲಿ ಒಂದಕ್ಕೆ ರ್ಜೆಪ್ಪಾ, ಪಕ್ಕದ್ದಕ್ಕೆ ಬೆಂಡಿಕ್ಸ್ ಇರೋದಕ್ಕೆ ಕಾರಣ ಇದು. ಒಂದೇ ಗಾಡಿಯ ಎಡಕ್ಕೊಂದು ಬಲಕ್ಕೊಂದು ಜಾತಿ ಕಂಡ್ರೂ ಗಾಬರಿ ಬೀಳಬೇಡ, ಯಾರೋ ಸಿಕ್ಕಿದ್ದನ್ನ ಹಾಕಿದ್ದಾರೆ. ಆದ್ರೆ ಬರ್ಕೋ.

— ಮಾವ, ಇನ್ನೊಂದು. ಅದೇ ಶೆಡ್ಡಿನಲ್ಲಿ ಒಂದು ಹಳೇ ಜೀಪೂ ಇದೆ. ಓಡುತ್ತೆ. ಆದ್ರೆ ಮುಂದಿನ ಡ್ರೈವ್ ಹಾಕಿದ್ರೆ ಟಾರ್ ರಸ್ತೆಯಲ್ಲಿ ಬಿಗಿದುಕೊಳ್ಳುತ್ತೆ, ಲಿವರ್ ವಾಪಸ್ ಬರಲ್ಲ.

— ಅದೂ ಸೈನ್ಯದ ಲೆಕ್ಕದಲ್ಲಿ ಲಾರಿಯೇ, ಕಾಲು ಟನ್ನಿನ ಟ್ರಕ್ ಅಂತಲೇ ದಾಖಲೆ. ಯುದ್ಧದ ಜೀಪೋ, ಆಮೇಲಿನದೋ?

— ಎದುರುಗಡೆ ಒಂಬತ್ತು ಸೀಳಿನ ಗ್ರಿಲ್. ಆದ್ರೆ ಹಿಂದಿನ ಆಕ್ಸಲ್ ಬೇರೆ ಥರ ಕಾಣುತ್ತೆ ಅಂದ್ರು.

— ಹಾಗಿದ್ರೆ ನನಗೆ ಮೊದಲ ಅನುಮಾನ ಒಂದೇ. ಯುದ್ಧದ ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಜೀಪುಗಳ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8. ಭಾಗಿಸಿದ್ರೆ 4.88. ಆಮೇಲೆ ಬಂದ ಸಿಜೆ-3ಬಿ, ನಮ್ಮಲ್ಲಿ ಮಹೀಂದ್ರಾದವರು ದಶಕಗಟ್ಟಲೆ ಮಾಡಿದ್ದು, ಅದರಲ್ಲಿ 43ಕ್ಕೆ 8. ಅಂದ್ರೆ 5.38. ಹಿಂದಿನ ಆಕ್ಸಲ್ ಕೆಟ್ಟಾಗ ಸಿಜೆ-3ಬಿಯದನ್ನ ತಂದು ಕಟ್ಟಿದ್ರೆ ಎರಡು ಚಕ್ರದ ಡ್ರೈವಿನಲ್ಲಿ ಏನೂ ಗೊತ್ತಾಗಲ್ಲ. ವರ್ಷಗಟ್ಟಲೆ ಓಡುತ್ತೆ. ಮುಂದಿನ ಡ್ರೈವ್ ಹಾಕಿದ ಕ್ಷಣದಿಂದ ಎರಡೂ ಶಾಫ್ಟು ಒಂದೇ ವೇಗದಲ್ಲಿ ತಿರುಗಬೇಕು. ಹಿಂದಿನ ಚಕ್ರ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನ ಚಕ್ರ 110 ಮೀಟರ್ ಹೋಗಬೇಕು ಅನ್ನುತ್ತೆ. ಆ ಹತ್ತು ಮೀಟರ್ ಎಲ್ಲಿಗೆ ಹೋಗಬೇಕು? ಕೆಸರಲ್ಲಿ ಚಕ್ರ ಜಾರಿ ತೀರಿಸಿಕೊಳ್ಳುತ್ತೆ. ಟಾರ್ ಮೇಲೆ ಜಾರೋಕೆ ಆಗದೆ ಶಾಫ್ಟು ತಿರುಚಿಕೊಳ್ಳುತ್ತೆ, ಟ್ರಾನ್ಸ್‌ಫರ್ ಕೇಸಿನ ಗೇರು ಬಿಗಿದುಕೊಳ್ಳುತ್ತೆ, ಲಿವರ್ ಕದಲಲ್ಲ. ಹಾಗೇ ಓಡಿಸಿದ್ರೆ ಯಾವುದಾದ್ರೂ ಒಂದು ಮುರಿಯಲೇಬೇಕು.

— ಮುಚ್ಚಳ ಬಿಚ್ಚಿ ಹಲ್ಲು ಎಣಿಸಬೇಕಾ?

— ಬಿಚ್ಚದೆಯೂ ಆಗುತ್ತೆ. ಗೇರ್ ನ್ಯೂಟ್ರಲ್, ಮುಂದಿನ ಡ್ರೈವ್ ಬಿಡಿಸಿರಲಿ. ಉಳಿದ ಚಕ್ರಗಳಿಗೆ ಗಟ್ಟಿಯಾಗಿ ಕಟ್ಟೆ ಕೊಡು. ಹಿಂದಿನ ಒಂದು ಚಕ್ರ ನೆಲದ ಮೇಲೇ ಇರಲಿ, ಇನ್ನೊಂದನ್ನ ಜಾಕಿನಿಂದ ಎತ್ತಿ ಸ್ಟ್ಯಾಂಡ್ ಇಡು. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದಲ್ಲಿ ಗೆರೆ ಎಳಿ. ಒಬ್ಬರು ಚಕ್ರ ತಿರುಗಿಸಿ, ಒಬ್ಬರು ಶಾಫ್ಟಿನ ಸುತ್ತು ಎಣಿಸಿ. ಒಂದು ಚಕ್ರ ನಿಂತಿರೋದ್ರಿಂದ ಡಿಫರೆನ್ಶಿಯಲ್ ಲೆಕ್ಕದಲ್ಲಿ ಎತ್ತಿದ ಚಕ್ರ 20 ಸುತ್ತು ತಿರುಗಿದ್ರೆ ಕ್ರೌನ್ ತಿರುಗೋದು 10 ಸುತ್ತು. ಆಗ ಶಾಫ್ಟು 49ರ ಹತ್ತಿರ ಬಂದ್ರೆ 4.88, 54ರ ಹತ್ತಿರ ಬಂದ್ರೆ 5.38. ಒಂದೇ ಸುತ್ತು ತಿರುಗಿಸಿ ಕಣ್ಣಂದಾಜಿನಲ್ಲಿ ಹೇಳೋಕೆ ಹೋಗಬೇಡ, ಇಪ್ಪತ್ತು ತಿರುಗಿಸಿದ್ರೆ ಅನುಮಾನಕ್ಕೆ ಜಾಗ ಇರಲ್ಲ. ಮುಂದಿನದಕ್ಕೂ ಹಾಗೇ ಮಾಡು. ಲಾರಿಗೆ ಮಾತ್ರ ಹೀಗೆ ಆಗಲ್ಲ. ಹಿಂದಿನ ಎರಡೂ ಆಕ್ಸಲ್ಲು ಟ್ರಾನ್ಸ್‌ಫರ್ ಕೇಸಿನಲ್ಲಿ ಒಂದಕ್ಕೊಂದು ಕಟ್ಟಿಹಾಕಿರ್ತವೆ, ಎಣಿಸೋ ಆಕ್ಸಲ್ಲಿನ ಶಾಫ್ಟು ಬಿಚ್ಚಿಕೊಂಡೇ ಎಣಿಸಬೇಕು. ಅಲ್ಲಿ ಸುಮಾರು 6.6 ಬರಬೇಕು, ಮೂರರಲ್ಲೂ.

— ಎಣಿಸಿದ ಮೇಲೆ ಬೇರೆ ಬೇರೆ ಬಂದ್ರೆ? ಆ ಜೀಪು ಅಸಲಿ ಅಲ್ಲ ಅಂತ ಆಗುತ್ತಲ್ಲ. ನಮ್ಮಲ್ಲಿ ಒಬ್ಬನಂತೂ ಎಲ್ಲಾ ನಂಬರೂ ಹೊಂದಿದ್ರೆ ಮಾತ್ರ ಹಣ ಹಾಕ್ತೀನಿ ಅಂತ ಕೂತಿದ್ದಾನೆ.

— ಅವನಿಗೆ ಒಂದು ವಿಷಯ ಹೇಳು. ಯುದ್ಧ ಮುಗಿದ ಮೇಲೆ ಪೆಸಿಫಿಕ್ ದ್ವೀಪಗಳಲ್ಲಿ ಬಿದ್ದಿದ್ದ ಗಾಡಿಗಳನ್ನ ಅಮೆರಿಕನ್ ಸೈನ್ಯವೇ ಹೆಕ್ಕಿ ತಂದು ಜಪಾನಿನಲ್ಲಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿತು. ಆಪರೇಷನ್ ರೋಲ್-ಅಪ್ ಅಂತ ಅದರ ಹೆಸರು. ಕೊರಿಯಾ ಯುದ್ಧ ಶುರುವಾದಾಗ ಅವೇ ಗಾಡಿಗಳು ಹೊರಟವು. ಅಂಥ ಡಿಪೊದಲ್ಲಿ ಈ ಆಕ್ಸಲ್ಲು ಆ ಚಾಸಿಗೇ ಸೇರಿದ್ದು ಅಂತ ಯಾರೂ ಕಾದಿಟ್ಟುಕೊಳ್ತಿರಲಿಲ್ಲ. ಸರಿಯಾಗಿ ರಿಪೇರಿ ಆದ ಆಕ್ಸಲ್ಲು ಮುಂದೆ ಬಂದ ಚಾಸಿಗೆ ಹೋಗ್ತಿತ್ತು. ಯುದ್ಧಭೂಮಿಯಲ್ಲೂ ಅಷ್ಟೇ, ಒಡೆದ ಎರಡು ಗಾಡಿಯಿಂದ ಓಡೋ ಒಂದು ಗಾಡಿ. ನಂಬರ್ ಹೊಂದದ ಗಾಡಿಯನ್ನ ನಕಲಿ ಅನ್ನೋದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಹಾಗೆ ಉಳಿಸಿಕೊಳ್ಳೋಕೆ ಅಂತಲೇ ಅವನ್ನ ಮಾಡಿದ್ದು. ತಪ್ಪು ಯಾವುದು ಅಂದ್ರೆ, ಹೊಂದದ ಹಲ್ಲುಗಳನ್ನ ಒಂದೇ ಗಾಡಿಗೆ ಕಟ್ಟಿ ಓಡಿಸೋದು. ಇನ್ನೊಂದು ತಪ್ಪು ಇದೆ, ಅದು ಇನ್ನೂ ಕೆಟ್ಟದ್ದು: ಹಳೇ ಅಂಕಿ ಗ್ರೈಂಡ್ ಮಾಡಿ ಹೊಸ ಅಂಕಿ ಒತ್ತಿಸೋದು, ಸುಳ್ಳು ಫಲಕ ಬಡಿಯೋದು. ಆ ಹೌಸಿಂಗಿನ ಮೇಲೆ ಯಾವನೋ ಒಬ್ಬ ಕೆಲಸಗಾರ 1944ರ ಏಪ್ರಿಲಿನಲ್ಲಿ ಅಚ್ಚಿಗೆ ಕೂರಿಸಿದ ಅಕ್ಷರ ಅದು. ಅಳಿಸೋ ಹಕ್ಕು ನಮಗಿಲ್ಲ.

— ಹಾಗಾದ್ರೆ ಜೀಪಿಗೆ ಏನು ಮಾಡಲಿ? ಹಿಂದಿನದಕ್ಕೆ 4.88 ಹಾಕ್ಲಾ, ಮುಂದಿನದಕ್ಕೆ 5.38 ಹಾಕ್ಲಾ?

— ತೋಟದಲ್ಲಿ ಏರು ಹತ್ತೋಕಾದ್ರೆ 5.38. ಸಾಮಾನು ನಮ್ಮಲ್ಲೇ ಸಿಗುತ್ತೆ, ಮುಂದಿನ ಹೌಸಿಂಗ್ ಹಾಗೇ ಉಳಿಯುತ್ತೆ, ಒಳಗಿನ ಕ್ರೌನ್-ಪಿನಿಯನ್ ಮಾತ್ರ ಬದಲಾಗುತ್ತೆ. ತೆಗೆದ 39-8 ಜೋಡಿಯನ್ನ ಬಿಸಾಡಬೇಡ, ಗುಜರಿಗೂ ಹಾಕಬೇಡ. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಚೀಟಿ ಹಾಕಿಡು. ಕ್ರೌನ್ನು, ಪಿನಿಯನ್ನು ಹೊಂದಿಸಿ ಉಜ್ಜಿದ ಜೋಡಿ, ಬೇರೆ ಮಾಡಿದ್ರೆ ಎರಡೂ ವ್ಯರ್ಥ. ಅಲ್ಲಿವರೆಗೆ ಮುಂದಿನ ಶಾಫ್ಟು ಬಿಚ್ಚಿಟ್ಟು ಓಡಿಸಿ, ಮರೆತು ಲಿವರ್ ಎಳೆದ್ರೂ ಅಪಾಯ ಇರಲ್ಲ.

— ಲಾರಿಯದು?

— ಭಾನುವಾರ ನಾನೂ ಬರ್ತೀನಿ. ಡೀಸೆಲ್ಲು, ತಂತಿ ಬ್ರಷ್ಷು, ಸೀಮೆಸುಣ್ಣ, ಕನ್ನಡಿ, ಒಂದು ನೋಟ್‌ಬುಕ್ಕು ಇಟ್ಕೊಂಡಿರು. ಟ್ರಾನ್ಸ್‌ಫರ್ ಕೇಸಿನ ನಂಬರ್ ಮೊದಲು ಓದಬೇಕು, ಜಿಎಂಸಿ ಅನ್ನೋ ನನ್ನ ಮಾತಿಗೆ ಅದೂ ಹೂಂ ಅಂದ್ರೆ ಮುಂದಿನ ಎಡಗಡೆ ಗುಂಡು ಬಿಚ್ಚೋಣ. ಅಷ್ಟರೊಳಗೆ ಯಾರೂ ಪೇಂಟ್ ಡಬ್ಬ ತೆಗೀಬಾರದು ಅಂತ ಹುಡುಗರಿಗೆಲ್ಲ ಹೇಳಿಡು.